ಅತ್ತೆಗೆ ಹೇಳದೆ ನುಂಗಿದ ಮಾತ್ರೆ

ಗಂಡಿನ ಕಡೆಯವರು ನನ್ನನ್ನು ನೋಡಲು ಬರುವ ಹಿಂದಿನ ದಿನ ಅವ್ವ ನನ್ನ ಮಾತ್ರೆಗಳಿಗೆ ಹೊಸದಾಗಿ ನಾಮಕರಣ ಮಾಡಿದಳು. "ಯಾರಾದ್ರೂ ಕೇಳಿದ್ರೆ ರಕ್ತ ಕಮ್ಮಿ ಐತೆ, ಶಕ್ತಿ ಮಾತ್ರೆ ಅನ್ನು. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಮಾತಾಡ್ಬ್ಯಾಡ," ಎಂದಳು. ನಾನು ಆಗ ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಸುಳ್ಳು ಹೇಳಿದ ಮಕ್ಕಳ ಕಿವಿ ಹಿಂಡುತ್ತಿದ್ದ ಟೀಚರಮ್ಮ ನಾನು, ಅವ್ವನ ಮುಂದೆ ತಲೆಯಾಡಿಸಿದೆ.

ನನಗಿದ್ದದ್ದು, ಈಗಲೂ ಇರುವುದು, ಮೂರ್ಛೆರೋಗ. ಹನ್ನೆರಡು ವರ್ಷದವಳಿದ್ದಾಗ ಶಾಲೆಯ ಪ್ರಾರ್ಥನೆಗೆ ನಿಂತಿದ್ದವಳು ಹಾಗೇ ಬಿದ್ದೆ. ಎಚ್ಚರವಾದಾಗ ಅಂಗೈಯಲ್ಲಿ ಯಾರದೋ ಸೈಕಲ್ಲಿನ ಬೀಗದಕೈ ಇತ್ತು, ಮೂಗಿಗೆ ಯಾರೋ ಜಜ್ಜಿದ ಈರುಳ್ಳಿ ಹಿಡಿದಿದ್ದರು, ಇಡೀ ಶಾಲೆ ನನ್ನ ಸುತ್ತ ನಿಂತು ನೋಡುತ್ತಿತ್ತು. ಚಿತ್ರದುರ್ಗದ ನರಗಳ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗುತ್ತಾ ಬಂದೆ, ಬೀಳುವುದು ನಿಂತಿತು. ಕಾಲೇಜಿಗೆ ಹೋದಾಗ ಒಮ್ಮೆ ನನಗೇನೂ ಇಲ್ಲ ಎಂಬ ಧಿಮಾಕು ಬಂದು ಎರಡು ದಿನ ಮಾತ್ರೆ ಬಿಟ್ಟೆ. ಮೂರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಮುಂದಿನ ಹಲ್ಲಿನ ಚೂರು ಕಳೆದುಕೊಂಡೆ. ಆ ಮೇಲೆ ಧಿಮಾಕು ಬೇರೆ ಬೇರೆ ವಿಷಯಕ್ಕೆ ಬಂದಿದೆ, ಮಾತ್ರೆಯ ವಿಷಯಕ್ಕೆ ಬಂದಿಲ್ಲ.

ಅವ್ವ ಸುಳ್ಳುಗಾರ್ತಿಯಲ್ಲ. ಅಂಗಡಿಯವನು ಹೆಚ್ಚಿಗೆ ಚಿಲ್ಲರೆ ಕೊಟ್ಟರೆ ಬಿಸಿಲಲ್ಲಿ ವಾಪಸ್ ಹೋಗಿ ಕೊಟ್ಟು ಬರುವವಳು. ಆದರೆ ಅವಳ ಕೊನೆಯ ತಂಗಿಗೂ ಇದೇ ರೋಗವಿತ್ತು. ಮದುವೆಯಾದ ಆರೇ ತಿಂಗಳಲ್ಲಿ ಗಂಡನ ಮನೆಯವರಿಗೆ ಗೊತ್ತಾಗಿ, ಬಟ್ಟೆಯ ಗಂಟಿನ ಸಮೇತ ತವರಿನ ಜಗುಲಿಯ ಮೇಲೆ ಕೂರಿಸಿ ಹೋಗಿದ್ದರು. ಆ ಚಿಕ್ಕಮ್ಮ ಮತ್ತೆ ಯಾರ ಮನೆಯ ಸೊಸೆಯೂ ಆಗಲಿಲ್ಲ. ನಾನು ಮೊದಲ ಸಲ ಬಿದ್ದ ದಿನವೇ ಅವ್ವನ ಕಣ್ಣಿಗೆ ಆ ಜಗುಲಿ ಕಂಡಿರಬೇಕು.

ನಾನು ಸೇರಿದ ಮನೆ ಐಮಂಗಲದಿಂದ ಒಳಗೆ ಹೋಗುವ ದಾರಿಯ ಒಂದು ಹಟ್ಟಿಯಲ್ಲಿ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ, ನಮ್ಮ ಮನೆಯವರು, ನಾನು, ಮತ್ತೆ ನಲವತ್ತು ಕುರಿ. ನಮ್ಮ ಮನೆಯವರಿಗೆ ಹಿರಿಯೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಕೆಲಸ. ಅವರಿಗೆ ಮದುವೆಯಾದ ಹದಿನೈದು ದಿನಕ್ಕೇ ನಿಜ ಹೇಳಿಬಿಟ್ಟೆ, ಹೊಟ್ಟೆಯಲ್ಲಿಟ್ಟುಕೊಂಡು ಮಲಗಲು ಆಗುತ್ತಿರಲಿಲ್ಲ. ಅವರು, "ಆಯ್ತು ಬಿಡು, ನಮ್ಮವ್ವಗೆ ನಾನೇ ಟೈಮ್ ನೋಡಿ ಹೇಳ್ತೀನಿ," ಎಂದರು. ಒಳ್ಳೆಯ ಮನುಷ್ಯ. ಎರಡು ವರ್ಷ ಟೈಮ್ ನೋಡುತ್ತಲೇ ಇದ್ದರು.

ಸುಳ್ಳಿನಿಂದ ಒಂದು ಅನುಕೂಲವೂ ಆಗಿತ್ತು. ಶಕ್ತಿ ಮಾತ್ರೆಯನ್ನು ಬಚ್ಚಿಡುವ ಅವಶ್ಯಕತೆ ಇರಲಿಲ್ಲ. ಕನ್ನಡಿಯ ಪಕ್ಕದ ಗೂಡಿನಲ್ಲಿ, ಬಾಚಣಿಗೆ, ಕುಂಕುಮದ ಭರಣಿಯ ಜೊತೆ ಅದು ರಾಜಾರೋಷವಾಗಿ ಕೂತಿರುತ್ತಿತ್ತು. ಅತ್ತೆ ಬೆಳಿಗ್ಗೆ ಎಂಟಕ್ಕೆ ತಾವೇ ನೆನಪು ಮಾಡುತ್ತಿದ್ದರು. "ಶಕ್ತಿ ಗುಳಿಗೆ ನುಂಗಿದ್ಯೇನವ್ವ?" ನಾನು ಹೂಂ ಎಂದು ಬಾಚಣಿಗೆ ಎತ್ತಿಕೊಂಡು ಕನ್ನಡಿಯ ಕಡೆ ತಿರುಗುತ್ತಿದ್ದೆ.

ಮದುವೆಗೆ ಮೊದಲೇ ಡಾಕ್ಟರು ಎಚ್ಚರಿಸಿದ್ದರು. ನಾನು ಹುಡುಗಿಯಾಗಿದ್ದಾಗಿನಿಂದ ನುಂಗುತ್ತಿದ್ದ ಹಳೆಯ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಒಳ್ಳೆಯದಲ್ಲ, ಗರ್ಭ ನಿಲ್ಲುವ ಮೊದಲೇ ಬದಲಿಸಬೇಕು, ಆಗಿಬಿಟ್ಟ ಮೇಲೆ ಓಡಿ ಬಂದರೆ ಪ್ರಯೋಜನ ಕಡಿಮೆ ಎಂದಿದ್ದರು. ಹಾಗಾಗಿ ತವರಿಗೆ ಹೋಗುವ ನೆಪ ಹೇಳಿ ಹಲವು ಸಲ ಚಿತ್ರದುರ್ಗಕ್ಕೆ ಹೋಗಿ, ಸ್ವಲ್ಪ ಸ್ವಲ್ಪವಾಗಿ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿಕೊಂಡೆ. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆಯನ್ನೂ ಕೊಟ್ಟರು. "ಫಿಟ್ಸಿನ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ಬಸುರಿ ಅಂತ ಭಯಪಟ್ಟು ನೀವಾಗೇ ನಿಲ್ಲಿಸಿದರೆ ಅದೇ ದೊಡ್ಡ ಅಪಾಯ," ಎಂದು ಡಾಕ್ಟರು ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು.

ಗರ್ಭ ನಿಂತಾಗ ಅತ್ತೆಯ ಸಂತೋಷ ನೋಡಬೇಕಿತ್ತು. ಅವರು ಶಾಲೆಯ ಮುಖ ಕಂಡವರಲ್ಲ. ಆದರೆ ಯಾವ ಕುರಿಗೆ ಎಷ್ಟು ದಿನ, ಯಾವುದು ಒಂದು ಮರಿ ಹೊತ್ತಿದೆ, ಯಾವುದು ಎರಡು ಎಂಬುದನ್ನು ಹೊಟ್ಟೆ ಸವರಿ ಹೇಳುತ್ತಿದ್ದರು. ಅವರ ಪ್ರಕಾರ ನಾನು ಕುರಿ ಕೂಡುವ ರೊಪ್ಪದ ನಲವತ್ತೊಂದನೆಯ ಜೀವ. ನನ್ನ ನಡಿಗೆ ನೋಡುವರು, ಕಣ್ಣಿನ ರೆಪ್ಪೆ ಎತ್ತಿ ನೋಡುವರು, ನುಗ್ಗೆಸೊಪ್ಪು ತಿನ್ನಿಸುವರು. "ಗಬ್ಬದ ಕುರಿಗೆ ಕಂಡ ಕಂಡ ಔಷಧಿ ಹಾಕಬಾರ್ದು. ಮರಿ ಒಳಗೇ ಹೋಗ್ತೈತೆ," ಎಂದು ಆಗಾಗ ಹೇಳುವರು. ಶಕ್ತಿ ಮಾತ್ರೆಗೆ ಮಾತ್ರ ಅವರ ಅಭ್ಯಂತರವಿರಲಿಲ್ಲ.

ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಬರೆಯಲು ಬಂದು, "ಮುಂಚಿನಿಂದ ಏನಾದ್ರೂ ಕಾಯಿಲೆ ಐತಾ ಅಕ್ಕ?" ಎಂದು ಕೇಳಿದಳು. ಅತ್ತೆ ಪಕ್ಕದಲ್ಲೇ ಕೂತು ಹುರುಳಿ ಹಸನು ಮಾಡುತ್ತಿದ್ದರು. "ಏನೂ ಇಲ್ಲ," ಎಂದೆ. ಹೊಟ್ಟೆಯೊಳಗಿನ ಕೂಸಿನ ಪರವಾಗಿ ನಾನು ಆಡಿದ ಮೊದಲ ಮಾತು ಅದು, ಅದೂ ಸುಳ್ಳು. ಆ ದಿನ ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎಂಟಕ್ಕೆ ಗೂಡಿಗೆ ಕೈ ಹಾಕಿದರೆ ಮಾತ್ರೆಯ ಪಟ್ಟಿ ಖಾಲಿ. ಒಂದೊಂದು ಗುಳಿಯೂ ಒತ್ತಿ ತೆಗೆದು ಬರಿದಾಗಿತ್ತು. ಅದೇ ನನ್ನ ಹತ್ತಿರ ಉಳಿದಿದ್ದ ಕೊನೆಯ ಪಟ್ಟಿ, ನಾಲ್ಕೈದು ದಿನ ಬಿಟ್ಟು ಚಿತ್ರದುರ್ಗಕ್ಕೆ ಹೋಗುವುದಿತ್ತು. ಗಾಬರಿಯಿಂದ ಅತ್ತೆಯನ್ನು ಕೂಗಿದೆ. ರೊಪ್ಪದ ಕಡೆಯಿಂದ ಬಂದರು, ಕಣ್ಣು ಕೆಂಪಾಗಿದ್ದವು. ನನ್ನ ಕೈ ಹಿಡಿದು ಎಳೆದುಕೊಂಡು ಹೋದರು.

ರೊಪ್ಪದ ಮೂಲೆಯಲ್ಲಿ ಅವರ ಮುದ್ದಿನ ಕುರಿ ಕತ್ತು ನೆಲಕ್ಕೆ ಚಾಚಿ ಮಲಗಿತ್ತು. ಕಣ್ಣು ಅರ್ಧ ತೆರೆದಿತ್ತು, ಉಸಿರು ನಿಧಾನಕ್ಕೆ ಆಡುತ್ತಿತ್ತು. ತಲೆ ಎತ್ತಿ ಹಿಡಿದರೆ ಮತ್ತೆ ಧೊಪ್ಪನೆ ಬೀಳುತ್ತಿತ್ತು.

"ಎರಡು ಮರಿ ಹೊತ್ಕಂಡು ನಿಂತ್ಕಳಕ್ಕಾಗ್ದೆ ತೂರಾಡ್ತಿತ್ತು ಕಣವ್ವ," ಎಂದರು ಅತ್ತೆ. "ಮೇವು ಬಿಟ್ಟು ಎರಡು ದಿನ ಆಗಿತ್ತು. ನಿನಗೆ ಹೆಂಗೂ ಮೈ ಕೈ ತುಂಬ್ಕಂಡೈತೆ, ಇದಕ್ಕಾದ್ರೂ ಶಕ್ತಿ ಬರ್ಲಿ ಅಂತ ನಿನ್ನೆ ರಾತ್ರಿ ನೀನು ಮಲಗಿದ ಮ್ಯಾಲೆ ಇದ್ದಷ್ಟೂ ಗುಳಿಗೆ ಅರೆದು ಬೆಲ್ಲದ ನೀರಾಗೆ ಕುಡಿಸ್ದೆ. ಕುಡಿದಿದ್ದೇ ಮಲಗ್ತು. ಇನ್ನೂ ತಲೆ ಎತ್ತಿಲ್ಲ."

ಒಂದು ಕ್ಷಣ ನಗು ಬಂತೆಂದು ಹೇಳಿದರೆ ನನ್ನನ್ನು ಕ್ರೂರಿ ಎನ್ನಬೇಡಿ. ನನ್ನ ಫಿಟ್ಸಿನ ಮಾತ್ರೆಯನ್ನು ಬೆಲ್ಲದ ನೀರಿನಲ್ಲಿ ಕುಡಿದ ಕುರಿ ಪ್ರಪಂಚದಲ್ಲಿ ಅದೊಂದೇ ಇರಬೇಕು. ಆದರೆ ಅತ್ತೆ ಕುರಿಯಿಂದ ಕಣ್ಣು ತೆಗೆದು ನನ್ನ ಹೊಟ್ಟೆಯನ್ನು ನೋಡಿದರು, ನಗು ಅಲ್ಲೇ ಸತ್ತಿತು.

"ಇಂಥದ್ನ ನೀನು ದಿನಾ ಎರಡು ನುಂಗ್ತೀಯಲ್ಲೇ! ಇಷ್ಟು ದೊಡ್ಡ ಜೀವವನ್ನೇ ಹಿಂಗೆ ಕೆಡವೈತೆ. ಹೊಟ್ಟೆಯಾಗಿರೋದು ಎಷ್ಟು ದಪ್ಪ ಇದ್ದಾತು? ಯಾವ ಡಾಕ್ಟರು ಕೊಟ್ಟನೋ ಏನೋ, ಇವತ್ತಿಂದ ಒಂದೂ ನುಂಗಂಗಿಲ್ಲ. ನನ್ನ ಆಣೆ ಐತೆ."

ಆಣೆ ಹಾಕಿ ಅವರು ಕುರಿಯ ಪಕ್ಕ ಕೂತರು. ನಾನು ನಿಂತೇ ಇದ್ದೆ. ದಾರಿಗಳು ಇರಲಿಲ್ಲವೆಂದಲ್ಲ. ನಮ್ಮ ಮನೆಯವರಿಗೆ ಫೋನ್ ಮಾಡಿದರೆ ಸಂಜೆಯೊಳಗೆ ಬೇರೆ ಪಟ್ಟಿ ತಂದುಕೊಡುತ್ತಿದ್ದರು. ಬಚ್ಚಲಲ್ಲಿ ನಿಂತು ಕಳ್ಳತನದಿಂದ ನುಂಗಬಹುದಿತ್ತು. ಆದರೆ ಒಂದು ದಿನ ಬಚ್ಚಲಲ್ಲಿ ಅವರ ಕೈಗೆ ಸಿಕ್ಕಿಬಿದ್ದರೆ? ಮೊಮ್ಮಗುವಿಗೆ ವಿಷ ಕುಡಿಸುತ್ತಿದ್ದಾಳೆ ಎಂದೇ ಅವರು ತಿಳಿಯುತ್ತಾರೆ. ನಿಜ ಹೇಳಿದರೆ ಚಿಕ್ಕಮ್ಮನ ಜಗುಲಿ. ಹೇಳದಿದ್ದರೆ ಇವತ್ತೋ ನಾಳೆಯೋ ನಾನು ಬೀಳುತ್ತೇನೆ, ಈ ಸಲ ಒಬ್ಬಳೇ ಬೀಳುವುದಿಲ್ಲ. ಗಂಟೆ ಎಂಟೂವರೆ ದಾಟಿತ್ತು.

"ಅತ್ತೆ, ಅದು ಶಕ್ತಿ ಮಾತ್ರೆ ಅಲ್ಲ," ಎಂದೆ. "ನನಗೆ ಫಿಟ್ಸ್ ಐತೆ. ಅದನ್ನ ನುಂಗದಿದ್ರೆ ಬೀಳ್ತೀನಿ."

ಅವರು ಕುರಿಯ ಕಿವಿಯ ಮೇಲಿಟ್ಟಿದ್ದ ಕೈ ತೆಗೆಯಲಿಲ್ಲ. "ಯಾವಾಗಿಂದ?" ಎಂದರು.

"ಹನ್ನೆರಡು ವರ್ಷದವಳಿದ್ದಾಗಿಂದ."

"ನನ್ನ ಮಗನಿಗೆ ಗೊತ್ತಾ?"

"ಗೊತ್ತು."

ಆ ಕೊನೆಯ ಉತ್ತರಕ್ಕೆ ಅವರ ಮುಖ ಬಾಡಿತು. ಬೈಯುತ್ತಾರೆ, ಗಂಟು ಕಟ್ಟು ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಬೈದರು, ಆದರೆ ನಾನು ಕಾದಿದ್ದ ಬೈಗುಳವಲ್ಲ.

"ಕೃಷಿ ಹೊಂಡಕ್ಕೆ ನಿನ್ನ ಒಬ್ಬಳನ್ನೇ ಬಟ್ಟೆ ಒಗೆಯಕ್ಕೆ ಕಳಿಸ್ತಿದ್ನಲ್ಲೇ! ಒಲೆ ಮುಂದೆ ಕೂರ್ಸಿ ಕುರಿ ಹಿಂದೆ ಹೋಗ್ತಿದ್ದೆ. ಅಟ್ಟ ಹತ್ತಿಸ್ತಿದ್ದೆ. ನೀನು ಬಿದ್ದು ಹೋಗಿದ್ರೆ ಊರು ಏನು ಅಂತಿತ್ತು? ಅತ್ತೆ ನೂಕಿದ್ಲು ಅಂತಿತ್ತು. ನಿಮ್ಮವ್ವನೂ ಎದೆ ಬಡ್ಕಂಡು ಹಂಗೇ ಅಂತಿದ್ಲು. ನನ್ನ ಕೈಲಿ ಕೊಲೆ ಮಾಡಿಸಕ್ಕೆ ಹೊರಟಿದ್ರಲ್ಲ, ಎಲ್ಲಾ ಸೇರ್ಕಂಡು!"

ಹನ್ನೆರಡನೇ ವಯಸ್ಸಿನಿಂದ ನನ್ನ ರೋಗದ ಬಗ್ಗೆ ನಾನು ನೂರು ರೀತಿ ಯೋಚಿಸಿದ್ದೆ, ಈ ರೀತಿ ಒಮ್ಮೆಯೂ ಯೋಚಿಸಿರಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳು ಅವರನ್ನು ಎಂಥ ಅಂಚಿನಲ್ಲಿ ನಿಲ್ಲಿಸಿತ್ತು ಎಂದು ಆಗ ಹೊಳೆಯಿತು. ನಾಚಿಕೆಯಿಂದ ಅಳು ಬಂತು. ಅತ್ತೆ ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಬಂದು, ಪಕ್ಕದ ಮನೆಯವರಿಗೆ ಕುರಿ ಡಾಕ್ಟರನ್ನು ಕರೆಸಲು ಹೇಳಿ, "ನಡಿ ದುರ್ಗಕ್ಕೆ ಹೋಗಾಣ," ಎಂದರು.

ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಮುಂದಿನ ಸೀಟಿನ ಕಂಬಿಗೆ ತಮ್ಮ ಕೈ ಅಡ್ಡ ಚಾಚಿದರು. ಚಿತ್ರದುರ್ಗದವರೆಗೂ ಕೈ ಇಳಿಸಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಂಡು ಅಲ್ಲೇ ನುಂಗಿದೆ. ಅವರು ನೋಡುತ್ತಿದ್ದರು, ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ.

ಡಾಕ್ಟರ ಮುಂದೆ ಕೂತಾಗ ಮಾತ್ರ ಗಟ್ಟಿಯಾಗಿ ಕೇಳಿದರು. "ಸಾ, ಗಬ್ಬದ ಕುರಿಗೆ ನಾವು ಜಂತಿನ ಔಷಧಿ ಹಾಕಾಕೂ ಹಿಂದೆ ಮುಂದೆ ನೋಡ್ತೀವಿ. ನೀವು ದಿನಾ ಎರಡು ಗುಳಿಗೆ ನುಂಗಿಸ್ತಾ ಇದೀರಲ್ಲ, ಕೂಸಿಗೆ ಏನೂ ಆಗಲ್ವಾ?" ಕುರಿಗೆ ಕುಡಿಸಿದ ಕತೆಯನ್ನೂ ಒಂದೂ ಬಿಡದೆ ಹೇಳಿದರು.

ಡಾಕ್ಟರು ನಗಲಿಲ್ಲ. ಆ ಕಾರಣಕ್ಕೇ ಅವರ ಮೇಲೆ ನನಗೆ ಈಗಲೂ ಗೌರವ. "ನೀವು ಕೇಳೋದು ಸರಿಯಾಗಿದೆಯಮ್ಮ," ಎಂದರು. "ಬಸುರಿಗೆ ಕೆಲವು ಔಷಧಿ ಕೊಡಬಾರದು. ಇವರ ಹಳೆ ಮಾತ್ರೆ ಅಂಥದ್ದೇ, ಅದಕ್ಕೇ ಮೊದಲೇ ಬದಲಾಯಿಸಿದ್ದೀವಿ. ಈ ಮಾತ್ರೆ ನುಂಗಿದವರಲ್ಲಿ ಬಹಳ ಜನಕ್ಕೆ ಒಳ್ಳೆ ಮಕ್ಕಳಾಗಿದ್ದಾವೆ. ಏನೂ ಆಗಲ್ಲ ಅಂತ ನಾನು ಬರೆದು ಕೊಡೋಕಾಗಲ್ಲ, ಸ್ಕ್ಯಾನ್ ಮಾಡಿ ನೋಡ್ಕೊಂಡು ಹೋಗೋಣ. ಆದ್ರೆ ಇದನ್ನ ಬಿಟ್ಟು ಇವರು ಬಿದ್ರೆ ತಾಯಿಗೂ ಪೆಟ್ಟು, ಕೂಸಿಗೂ ಪೆಟ್ಟು. ಕುರಿಗೆ ಐದು ದಿನದ್ದು ಒಂದೇ ಸಲ ಕುಡಿಸಿದ್ದೀರಿ, ಅದಕ್ಕೂ ಇದಕ್ಕೂ ತಾಳೆ ಹಾಕಬೇಡಿ."

ಅತ್ತೆ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ.

ಮರುದಿನ ಸಂಜೆ ಕುರಿ ಸತ್ತಿತು, ಹೊಟ್ಟೆಯಲ್ಲಿದ್ದ ಎರಡು ಮರಿಗಳೂ ಅದರ ಜೊತೆ ಹೋದವು. ಅವಳಿ ಹೊತ್ತು ಮೊದಲೇ ಸೋತಿತ್ತು, ಮಾತ್ರೆಯಿಂದಲೇ ಸತ್ತಿತು ಎನ್ನಲು ಬರುವುದಿಲ್ಲ ಎಂದು ಕುರಿ ಡಾಕ್ಟರು ಹೇಳಿಹೋದರು. ಅತ್ತೆ ಬೇಲಿಯ ಪಕ್ಕ ಅದನ್ನು ಮಣ್ಣು ಮಾಡಿಸಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು. ಎಂಟು ಗಂಟೆಗೆ ಗೂಡಿನಿಂದ ತಾವೇ ಮಾತ್ರೆ ಒತ್ತಿ ತೆಗೆದು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ನನ್ನ ಮುಂದೆ ನಿಂತರು.

"ಆಣೆ ವಾಪಸ್ ತಗಂಡಿದೀನಿ. ನುಂಗವ್ವ," ಎಂದರು.

ತಾವು ಕಣ್ಣಾರೆ ಕಂಡಿದ್ದನ್ನು ಪಕ್ಕಕ್ಕಿಟ್ಟು, ನಾನು ಹೇಳಿದ್ದನ್ನು ನಂಬಿದರು. ಅದೂ ಎರಡು ವರ್ಷ ಸುಳ್ಳು ಹೇಳಿದವಳ ಮಾತನ್ನು. ಅವರ ಜಾಗದಲ್ಲಿ ನಾನಿದ್ದರೆ ಆ ಮಾತ್ರೆ ಕೊಡುತ್ತಿದ್ದೆನೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಕೊಡುತ್ತಿರಲಿಲ್ಲ ಅನ್ನಿಸುತ್ತದೆ.

ಹಾಗಂತ ಎಲ್ಲರನ್ನೂ ಕ್ಷಮಿಸಿದರು ಎಂದುಕೊಳ್ಳಬೇಡಿ. ನಮ್ಮ ಮನೆಯವರ ಜೊತೆ ಹದಿನೈದು ದಿನ ಮಾತು ಬಿಟ್ಟರು. ಹೇಳುವುದೇನಿದ್ದರೂ ರೊಪ್ಪದ ನಾಯಿಗೆ ಹೇಳುವರು, ಅವರು ಕೇಳಿಸಿಕೊಳ್ಳಬೇಕು. ಅವ್ವನ ಮೇಲಿನ ಸಿಟ್ಟು ಇನ್ನೂ ಗಟ್ಟಿ. "ಸಂತೆಯಾಗೆ ಕುರಿ ಮಾರೋನೂ ಕುಂಟು ಇದ್ರೆ ಕುಂಟು ಅಂತ ಹೇಳಿ ಮಾರ್ತಾನೆ," ಎಂದು ಫೋನಿನಲ್ಲಿ ಒಮ್ಮೆ ಅಂದುಬಿಟ್ಟರು. ನನಗೂ ರೇಗಿತು. "ನಾನೇನು ಕುರಿಯಾ ಅತ್ತೆ?" ಎಂದೆ. "ಕುರಿಯಾಗಿದ್ರೆ ಹಲ್ಲು ನೋಡಿ ಆವತ್ತೇ ಕಂಡುಹಿಡೀತಿದ್ದೆ," ಎಂದು ನನ್ನ ಮುರಿದ ಹಲ್ಲು ತೋರಿಸಿದರು. ಅಲ್ಲಿಗೆ ನಾವಿಬ್ಬರೂ ನಕ್ಕುಬಿಟ್ಟೆವು.

ಆಶಾ ಕಾರ್ಯಕರ್ತೆಯನ್ನು ಕರೆಸಿ ತಾಯಿ ಕಾರ್ಡಿನಲ್ಲಿ ಫಿಟ್ಸ್ ಇದೆ ಎಂದು ಬರೆಸಿದರು. ಐದನೆಯ ತಿಂಗಳ ಸ್ಕ್ಯಾನಿಂಗ್‌ಗೆ ಜೊತೆಗೆ ಬಂದು, "ಬೆನ್ನು ನೋಡಿದ್ರಾ? ತುಟಿ? ಎದೆ?" ಎಂದು ಒಂದೊಂದಾಗಿ ಕೇಳಿದರು. ಎಲ್ಲ ಸರಿಯಾಗಿದೆ ಎಂದಾಗ ಹೊರಗೆ ಬಂದು ಎರಡು ಲೋಟ ಕಬ್ಬಿನ ಹಾಲು ಕುಡಿದರು. ಕೃಷಿ ಹೊಂಡದ ದಾರಿ ನನಗೆ ಬಂದ್ ಆಯಿತು. ಸ್ನಾನಕ್ಕೆ ಹೋದರೆ ಬಚ್ಚಲ ಅಗಳಿ ಹಾಕುವಂತಿರಲಿಲ್ಲ, ಹೊರಗೆ ಅವರು ಕೂತು ಮಾತಾಡಿಸುತ್ತಿರಬೇಕು. ಮಾತು ನಿಂತರೆ "ಲೇ!" ಎಂದು ಕೂಗುವರು. ಒಮ್ಮೊಮ್ಮೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು, ಜಗಳವನ್ನೂ ಆಡಿದ್ದೇನೆ. ಆದರೂ ಅಷ್ಟು ನಿರಾಳವಾಗಿ ನಾನು ಎಂದೂ ಸ್ನಾನ ಮಾಡಿರಲಿಲ್ಲ.

ಎಂಟನೆಯ ತಿಂಗಳಿಗೆ, ಮೊದಲ ಹೆರಿಗೆಯ ಪದ್ಧತಿಯಂತೆ, ನನ್ನನ್ನು ಹೊಳಲ್ಕೆರೆಗೆ ಕಳಿಸಿದರು. ಸೀಮಂತದ ದಿನ ಬೀಗತಿಯರಿಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅವ್ವ ಕುಂಕುಮ ಕೊಟ್ಟಳು, ಅತ್ತೆ ಹಚ್ಚಿಕೊಂಡರು, ಅಷ್ಟೇ. ತವರಿನಲ್ಲಿದ್ದ ಒಂದೂವರೆ ತಿಂಗಳು ಅತ್ತೆ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ನನಗೇ ನೇರವಾಗಿ ಫೋನ್ ಮಾಡಿ, "ಆತಾ?" ಎನ್ನುವರು. "ಆತು," ಎಂದರೆ ಇಟ್ಟುಬಿಡುವರು.

ನೋವು ಶುರುವಾದದ್ದು ಒಂದು ಬೆಳಿಗ್ಗೆ. ಅವ್ವ ನನ್ನನ್ನು ಕಾರಿನಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಅತ್ತೆ, ನಮ್ಮ ಮನೆಯವರು ಹಟ್ಟಿಯಿಂದ ಬಂದು ಗೇಟಿನಲ್ಲಿ ನಿಂತಿದ್ದರು. ನಮ್ಮ ಮನೆಯವರು ಫೈಲು, ಕಾರ್ಡು ಎಲ್ಲ ತೆಗೆದುಕೊಂಡು ಚೀಟಿ ಮಾಡಿಸಲು ಹೋದರು. ನಾವು ಮೂವರೂ ಹೆರಿಗೆ ವಾರ್ಡಿನ ಬಾಗಿಲಿಗೆ ಬಂದೆವು. ಅಲ್ಲಿ ಬೆಂಚಿನ ತುಂಬ ಯಾರ ಯಾರದೋ ಅತ್ತೆಯರು, ತಾಯಂದಿರು. ಅವರಲ್ಲಿ ಇಬ್ಬರು ನಮ್ಮ ಹಟ್ಟಿಯ ಕಡೆಯವರೇ. ನರ್ಸ್ ರಿಜಿಸ್ಟರ್ ತೆರೆದು, ಬರೆಯುತ್ತಲೇ ಕೇಳಿದರು. "ಬಿ.ಪಿ. ಇದೆಯಾ? ಶುಗರ್? ಫಿಟ್ಸ್ ಏನಾದ್ರೂ ಬಂದಿತ್ತಾ?"

ನನಗೆ ನೋವು ಏರಿ ಬಂದು ಬಾಯಿ ತೆರೆಯಲು ಆಗಲಿಲ್ಲ. ನನ್ನ ಪಕ್ಕದಲ್ಲಿದ್ದ ಅವ್ವ ಥಟ್ಟನೆ ಹೇಳಿದಳು. "ಇಲ್ಲ ಮೇಡಂ. ಏನೂ ಇಲ್ಲ."

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಅವಳು ಬೇಕೆಂದು ಹೇಳಿದ್ದಲ್ಲ, ನನಗೆ ಅದು ಚೆನ್ನಾಗಿ ಗೊತ್ತು. ಹದಿನಾಲ್ಕು ವರ್ಷದಿಂದ ಯಾರು ಕೇಳಿದರೂ ಅದೇ ಉತ್ತರ ಕೊಟ್ಟು ಕೊಟ್ಟು ಅವಳ ನಾಲಿಗೆಗೆ ಬೇರೆ ಮಾತು ತಿಳಿದಿರಲಿಲ್ಲ.

ಅತ್ತೆ ಮುಂದೆ ಬಂದು ಮೇಜಿನ ಮೇಲೆ ಕೈಯೂರಿದರು. "ಐತೆ ಬರ್ಕಳ್ರಿ. ನನ್ನ ಸೊಸೆಗೆ ಫಿಟ್ಸ್ ಐತೆ. ಹನ್ನೆರಡು ವರ್ಷದಾಕಿ ಇದ್ದಾಗಿಂದ. ದಿನಕ್ಕೆ ಎರಡು ಗುಳಿಗೆ, ಬೆಳಗಿಂದು ನುಂಗವ್ಳೆ, ಸಂಜೆ ಎಂಟಕ್ಕೆ ಇನ್ನೊಂದು. ನೋವಿನಾಗೆ ಇದ್ರೂ ಅದನ್ನ ತಪ್ಪಿಸಂಗಿಲ್ಲ. ಬರ್ಕಂಡ್ರಾ? ಒಂದು ಸಾರಿ ಓದ್ರಿ, ನನಗೆ ಓದಾಕೆ ಬರಲ್ಲ."

ನರ್ಸ್ ಓದಿದರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವ್ವ ಗೋಡೆಗೆ ಒರಗಿ ನೆಲ ನೋಡುತ್ತಾ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಅತ್ತೆ ಅವಳ ಹತ್ತಿರ ಹೋದರು. ಇಷ್ಟು ಜನರ ಮುಂದೆ ಈಗ ಎಲ್ಲವನ್ನೂ ಕಕ್ಕುತ್ತಾರೆ ಎಂದು ನೋವಿನಲ್ಲೂ ನನಗೆ ಹೆದರಿಕೆಯಾಯಿತು.

ಅತ್ತೆ ಅವ್ವನ ತೋಳು ಹಿಡಿದುಕೊಂಡರು. "ಬೀಗತಿ, ಒಬ್ಬರೇ ಬಾಳ ವರ್ಷ ಹೊತ್ಕಂಡ್ರಿ. ಇನ್ನ ಸಾಕು ಮಾಡ್ರಿ. ಕುಂತ್ಕಳ್ರಿ ಇಲ್ಲಿ," ಎಂದರು.

ನನ್ನನ್ನು ಒಳಗೆ ಕರೆದುಕೊಂಡು ಹೋಗುವಾಗ ತಿರುಗಿ ನೋಡಿದೆ. ಅವ್ವ ಬೆಂಚಿನ ತುದಿಯಲ್ಲಿ ಕೂತು ಬಾಯಿಗೆ ಸೆರಗೂ ಹಿಡಿಯದೆ, ಯಾರು ನೋಡಿದರೂ ಲೆಕ್ಕಿಸದೆ ಗೊಳೋ ಎಂದು ಅಳುತ್ತಿದ್ದಳು. ನಾನು ಮೊದಲ ಸಲ ಬಿದ್ದ ದಿನದಿಂದ ಅವಳು ನನ್ನ ಸಲುವಾಗಿ ಅತ್ತದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಮಗಳು ಹುಟ್ಟಿ, ಚೆನ್ನಾಗಿದ್ದಾಳೆಂದು ಹೊರಗೆ ತಿಳಿಸಿದಾಗಲೂ ಅವ್ವ ಇನ್ನೂ ಅಳುತ್ತಲೇ ಇದ್ದಳಂತೆ, ಅತ್ತೆ ಪಕ್ಕದಲ್ಲೇ ಕೂತಿದ್ದರಂತೆ.